ಗಿರಣಿಯ ಕೂಗಿಗೆ ಕೂಡಿದ ತಂತಿ

ನಾನೊಂದು ಗಿಟಾರು. ಅಂತಿಂಥ ಗಿಟಾರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಜಂಬ ಎಂದುಕೊಂಡರೆ ಅಂದುಕೊಳ್ಳಿ! ಲಂಡನ್ನಿನ ಒಂದು ಸಣ್ಣ ಕಾರ್ಖಾನೆಯಲ್ಲಿ ತೆಳು ಹಲಗೆಗಳನ್ನು ಬಗ್ಗಿಸಿ, ಅಂಟು ಹಾಕಿ ನನ್ನನ್ನು ಮಾಡಿದರು. ಟೊಳ್ಳು ಹೊಟ್ಟೆ, ಕೆಂಪು ಮೈ, ದನಿಯನ್ನು ದೊಡ್ಡದು ಮಾಡಲು ವಿದ್ಯುತ್ತಿನ ತಂತಿ. ನನ್ನ ಮೊದಲ ಯಜಮಾನ ನೃತ್ಯಶಾಲೆಯೊಂದರ ವಾದಕ. ಶನಿವಾರ ಮಾತ್ರ ಪೆಟ್ಟಿಗೆಯಿಂದ ತೆಗೆದು, ಮೆಲ್ಲಗೆ ನಾಲ್ಕು ರಾಗ ನುಡಿಸಿ, ಒರೆಸಿ ಮತ್ತೆ ಮಲಗಿಸುತ್ತಿದ್ದ. ಅದೂ ಒಂದು ಬಾಳೇ? ಮದುವೆಯಾಗಿ ಅವನು ಇಂಗ್ಲೆಂಡಿನ ಉತ್ತರಕ್ಕೆ, ಹತ್ತಿ ಗಿರಣಿಗಳ ಊರಾದ ಹೋಲ್ಡನ್‌ಬರಿಗೆ ಬಂದ. ಹೆಂಡತಿಗೆ ನಾನು ಹಿಡಿಸಲಿಲ್ಲ. ಹಳೇ ಸಾಮಾನಿನ ಅಂಗಡಿ ಸೇರಿದೆ.

ಅಲ್ಲಿಂದ ನನ್ನನ್ನು ಬಿಡಿಸಿಕೊಂಡು ಬಂದವಳು ಎಡ್ನಾ. ಇಪ್ಪತ್ತು ವರ್ಷ ಗಿರಣಿಯಲ್ಲಿ ನೇಯ್ದು, ಮಗ್ಗಗಳ ಆರ್ಭಟಕ್ಕೆ ಕಿವಿ ಕಳೆದುಕೊಂಡಿದ್ದ ಹೆಂಗಸು. ಆ ಊರಿನ ನೇಕಾರ ಹೆಂಗಸರೆಲ್ಲ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ಸಂಜೆ ಐದೂವರೆಗೆ ಪಾಳಿ ಬಿಡುವಾಗ ಗಿರಣಿ ಕೂಗುತ್ತಿತ್ತಲ್ಲ, ಅದೊಂದು ಮಾತ್ರ ಎಡ್ನಾಳಿಗೆ ಗೊತ್ತಾಗುತ್ತಿತ್ತು. ಕಿವಿಯಿಂದಲ್ಲ, ನೆಲದಿಂದ ಅಂಗಾಲಿಗೆ ಹತ್ತಿ ಬರುತ್ತಿತ್ತಂತೆ. ಅವಳ ಮಗ ಕ್ಲೈವ್‌ಗೆ ಆಗ ಹದಿನೇಳು. 'ಹುಡುಗನನ್ನು ಕೆಲಸಕ್ಕೆ ಕಳಿಸು' ಎಂದು ಗಿರಣಿಯ ಮೇಸ್ತ್ರಿ ಆಗಲೇ ಹೇಳಿದ್ದ. ಮಗನ ಕಿವಿಯೂ ಮಗ್ಗಗಳ ಪಾಲಾಗಬಾರದೆಂದು ಎಡ್ನಾಳ ಹಟ. ಆ ಬೇಸಿಗೆ ಇಡೀ ಊರು ರಜೆಗೆಂದು ಕಡಲ ತೀರಕ್ಕೆ ಹೋದರೆ, ಅವಳು ಮನೆಯಲ್ಲೇ ಉಳಿದು, ಆ ದುಡ್ಡಿನಲ್ಲಿ ನನ್ನನ್ನು ಕೊಂಡು ತಂದಳು.

ಅಬ್ಬಾ, ಆಮೇಲೆ ಶುರುವಾಯಿತು ನೋಡಿ ನನ್ನ ನಿಜವಾದ ಬದುಕು! ಹಿತ್ತಿಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕ್ಲೈವ್ ಮತ್ತು ಅವನ ಮೂವರು ಗೆಳೆಯರು. ಶ್ರುತಿ ಹಿಡಿಯಲು ಅವರ ಬಳಿ ಏನೂ ಇರಲಿಲ್ಲ. ಗಿರಣಿ ಇತ್ತಲ್ಲ! ಐದೂವರೆಗೆ ಕೂಗು ಎದ್ದ ತಕ್ಷಣ ಕ್ಲೈವ್ ನನ್ನ ದಪ್ಪ ತಂತಿಯನ್ನು ತಿರುಪಿ ಅದಕ್ಕೆ ಕೂಡಿಸುತ್ತಿದ್ದ. ಉಳಿದವರು ನನ್ನ ಜೊತೆ ಕೂಡಿಕೊಳ್ಳುತ್ತಿದ್ದರು. ಎಡ್ನಾ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಊರಿ, ನಡುಕ ಸರಿಯಿದ್ದರೆ ತಲೆಯಾಡಿಸುತ್ತಿದ್ದಳು. ಅವಳು ತಲೆಯಾಡಿಸದೆ ಹಾಡು ಶುರುವಾಗುತ್ತಿರಲಿಲ್ಲ. ಪಾಳಿ ಬಿಟ್ಟ ಖುಷಿಯ ಮೇಲೆಯೇ ಕ್ಲೈವ್ ತನ್ನ ಮೊದಲ ಹಾಡು ಕಟ್ಟಿದ. ಅದನ್ನು ನುಡಿಸುವಾಗ ನನ್ನ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಕೊನೆಗೆ ಲಂಡನ್ನಿನ ಸ್ಟುಡಿಯೋ ಒಂದರಿಂದ ಕರೆ ಬಂತು. ಮೂರು ಗಂಟೆಯೊಳಗೆ ಒಂದು ಹಾಡು ಧ್ವನಿಮುದ್ರಣ ಆಗಬೇಕು. ಆಗದಿದ್ದರೆ ಸೋಮವಾರದಿಂದ ಕ್ಲೈವ್ ಮಗ್ಗದ ಮುಂದೆ. ಹುಡುಗ ಚಿಕ್ಕವನೆಂದು ಅವನ ಪರವಾಗಿ ಕರಾರಿಗೆ ಸಹಿ ಹಾಕಲು ಎಡ್ನಾಳೂ ಬಂದಿದ್ದಳು. ಸ್ಟುಡಿಯೋದ ದೊರೆ ಪೆಂಬರ್ಟನ್ ಎಂಬಾತ ನನ್ನನ್ನು ಕೇಳಿ ಮುಖ ಸಿಂಡರಿಸಿದ. ಗಿರಣಿಯ ಕೂಗಿಗೆ ಕೂಡಿದ ನನ್ನ ಶ್ರುತಿ ಅಲ್ಲಿನ ಪಿಯಾನೋದ ಎರಡು ಸ್ವರಗಳ ನಡುವೆ ಎಲ್ಲೋ ಇತ್ತು.

"ನೋಡಪ್ಪ, ಪಿಯಾನೋ ಇರೋ ಕಡೆ ನೀನು ಬರಬೇಕು. ಪಿಯಾನೋ ನಿನ್ನ ಹತ್ತಿರ ಬರಲ್ಲ" ಎಂದ.

ಕ್ಲೈವ್ ನನ್ನ ತಂತಿಗಳನ್ನು ಏರಿಸಿದ. ಕತ್ತು ಹಿಸುಕಿದ ಹಾಗಾಯಿತು. ಒಂದು ಸಲ, ಐದು ಸಲ, ಹದಿನಾಲ್ಕು ಸಲ ನುಡಿಸಿದರು. ಸ್ವರ ಎಲ್ಲ ಸರಿ, ಹಾಡಿಗೆ ಮಾತ್ರ ಜೀವವಿಲ್ಲ. ಅರ್ಧ ಗಂಟೆ ಉಳಿದಾಗ ಪೆಂಬರ್ಟನ್ ಕೋಟು ಕೈಗೆತ್ತಿಕೊಂಡ. ಅಷ್ಟರಲ್ಲಿ ಎಡ್ನಾ ಎದ್ದು ಬಂದು ನನ್ನ ಮೇಲೆ ಅಂಗೈ ಇಟ್ಟಳು.

"ಕ್ಲೈವ್, ಇದು ನಮ್ಮ ಮಿಲ್ಲಿನ ಕೂಗಲ್ಲ ಕಣೋ."

"ಅಮ್ಮ, ಇಲ್ಲಿ ಮಿಲ್ಲು ಎಲ್ಲಿಂದ ತರ್ಲಿ?" ಅವನಿಗೆ ಅಳುವೇ ಬಂದಿತ್ತು.

"ನಾನಿಲ್ವೇನೋ? ಇಳಿಸು, ಹೇಳ್ತೀನಿ."

ಅವನು ತಂತಿ ಇಳಿಸುತ್ತಾ ಹೋದ, ಅವಳು ಕಣ್ಣು ಮುಚ್ಚಿ ನಿಂತಳು. "ಇನ್ನೂ. ಇನ್ನೂ ಸ್ವಲ್ಪ. ಹಾಂ! ಬಿಡ್ತು ಪಾಳಿ!" ಪಿಯಾನೋದ ಮುಚ್ಚಳ ಹಾಕಿದರು. ಒಂದೇ ಸಲಕ್ಕೆ ಹಾಡು ಮುಗಿಯಿತು. ಪೆಂಬರ್ಟನ್ ಕೋಟನ್ನು ಮತ್ತೆ ಕುರ್ಚಿಗೆ ಹಾಕಿ, "ಇನ್ನೊಂದು ಹಾಡಿದೆಯಾ?" ಎಂದು ಕೇಳಿದ.

ಆಮೇಲಿನದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಹಾಡಿನ ತಟ್ಟೆಯ ಮೇಲೆ ತಟ್ಟೆ, ಊರಿನ ಮೇಲೆ ಊರು, ಸಮುದ್ರ ದಾಟಿ ಅಮೆರಿಕ, ಜಪಾನು! ನನ್ನ ಬಣ್ಣ ಕಿತ್ತುಹೋಯಿತು, ಎರಡು ಸಲ ಕತ್ತು ಮುರಿದು ಅಂಟಿಸಿದರು. ಪ್ರತಿ ಸಲವೂ ಇನ್ನಷ್ಟು ಹುಮ್ಮಸ್ಸಿನಿಂದ ಎದ್ದೆ. ಸ್ಪೀಕರುಗಳು ಮೊದಲು ಮೊಣಕಾಲೆತ್ತರ ಇದ್ದವು, ಆಮೇಲೆ ಮನೆಯೆತ್ತರವಾದವು. ನಾವು ಕುಣಿದದ್ದೇ ಕುಣಿದದ್ದು. ಒಂದು ದಿನ ಕ್ಲೈವ್ ಎದುರಿನವರ ತುಟಿ ನೋಡುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ನನ್ನ ಜಂಬವೆಲ್ಲ ಇಳಿದುಹೋಯಿತು. ಯಾವ ಕಿವಿ ಉಳಿಸಲೆಂದು ಎಡ್ನಾ ನನ್ನನ್ನು ತಂದಿದ್ದಳೋ ಅದನ್ನು ತಿಂದವರಲ್ಲಿ ನಾನೂ ಒಬ್ಬ. ಆ ಸಂಕಟ ನನಗೆ ಇವತ್ತಿಗೂ ಇದೆ.

ಎಡ್ನಾ ಹೋಗಿ ಬಹಳ ಕಾಲವಾಯಿತು. ಗಿರಣಿಯನ್ನು ಕೆಡವಿದರು. ಈಗ ನನ್ನ ವಾಸ ಹೋಲ್ಡನ್‌ಬರಿಯ ಪುರಭವನದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಹೋದ ತಿಂಗಳು ಅದರ ಬೀಗ ತೆಗೆದರು. ಎಪ್ಪತ್ತೆಂಟರ ಕ್ಲೈವ್ ಕೊನೆಯ ಸಲ ಊರಿನವರಿಗಾಗಿ ನುಡಿಸಲು ಬಂದಿದ್ದ. ಶ್ರುತಿ ನೋಡುವ ಪುಟ್ಟ ಯಂತ್ರವನ್ನು ಯಾರೋ ಕೊಡಲು ಹೋದರು. "ನಮ್ಮ ಕೂಗು ಅದರಲ್ಲಿಲ್ಲಪ್ಪ" ಎಂದು ನಕ್ಕು, ಅಮ್ಮನ ಹಾಗೆಯೇ ನನ್ನ ಹೊಟ್ಟೆಯ ಮೇಲೆ ಅಂಗೈ ಊರಿ ದಪ್ಪ ತಂತಿ ತಿರುಪಿದ. ಅಮ್ಮನಷ್ಟು ಪಳಗಿದ ಅಂಗೈ ಅವನದಲ್ಲ. ಸರಿಯಾಯಿತೋ ಇಲ್ಲವೋ ಅವನಿಗೆ ತಿಳಿಯುವ ಬಗೆಯೇ ಇರಲಿಲ್ಲ. ಹೇಳಲು ನನಗೆ ಬಾಯಿಲ್ಲ.

ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿದ. ನಡುಕ ನೆಲಕ್ಕೆ ಇಳಿಯಿತು.

ಮೊದಲ ಸಾಲಿನಲ್ಲಿ ಹಳೇ ಗಿರಣಿಯಲ್ಲಿ ನೇಯ್ದಿದ್ದ ಒಂಬತ್ತು ಮುದುಕಿಯರು ಕೂತಿದ್ದರು. ಒಂಬತ್ತೂ ಮಂದಿ ಪಾಳಿ ಬಿಟ್ಟಿತೆಂಬಂತೆ ಥಟ್ಟನೆ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲಾರಂಭಿಸಿದರು. ಆ ನಗು ಕ್ಲೈವ್‌ಗೆ ಕೇಳಿಸಲಿಲ್ಲ. ಅವರು ಎದ್ದದ್ದನ್ನು ನೋಡಿದ, ನನ್ನನ್ನು ಎದೆಗೆ ಒತ್ತಿಕೊಂಡ, ಹಾಡು ಶುರುಮಾಡಿದ.