ಅಂಚಿಗೆ ಬಿಟ್ಟ ಬಟ್ಟೆ

ಟೇಪು ಇಪ್ಪತ್ತೊಂಬತ್ತರ ಗೆರೆಗೆ ಬಂದು ನಿಂತಿತು. ಶೈಲಶ್ರೀ ಬಿಚ್ಚಿ ಎದೆಗೆ ಮತ್ತೊಮ್ಮೆ ಸುತ್ತಿದಳು. ಇಪ್ಪತ್ತೊಂಬತ್ತೇ. ಗೋಡೆಗೆ ಒರಗಿಸಿ ಕೂಡಿಸಿದ್ದ ಅತ್ತೆಯ ತಲೆ ವಾಲದಂತೆ ಪಕ್ಕದ ಮನೆಯ ಶಾಂತಾಬಾಯಿ ಹಿಡಿದುಕೊಂಡಿದ್ದಳು.

"ಎಷ್ಟ ಬಂತವಾ?"

"ಇಪ್ಪತ್ತೊಂಬತ್ತು, ಕಾಕು. ಮದಲ ಮೂವತ್ತೆಂಟ ಇತ್ತು."

ಅತ್ತೆ ಸುಗಲಾಬಾಯಿ ಬೆಳಗಿನ ಐದಕ್ಕೆ ತೀರಿಕೊಂಡಿದ್ದಳು. ನಾರಾಯಣಖೇಡದಲ್ಲಿ ಇಪ್ಪತ್ತಾರು ವರ್ಷ ಹೊಲಿಗೆ ಮಾಡಿದ ಹೆಂಗಸು. ಕೊನೆಯ ಎಂಟು ತಿಂಗಳು ಹಾಸಿಗೆಯಲ್ಲಿದ್ದಳು. ಹತ್ತು ಗಂಟೆಗೆ ನಾಗಲಗಿದ್ದದಿಂದ ಅವಳ ತಮ್ಮ ಮನ್ಮಥಪ್ಪ ಹಸಿರು ಸೀರೆ, ಅದಕ್ಕೊಪ್ಪುವ ಕುಪ್ಪಸದ ಬಟ್ಟೆ ತಂದಿದ್ದ. ಮುತ್ತೈದೆಯಾಗಿ ಹೋಗುವವಳಿಗೆ ತವರಿನದನ್ನೇ ಉಡಿಸಬೇಕು. ನಾಲ್ಕಕ್ಕೆ ಮಣ್ಣು. ಶೈಲಶ್ರೀಯ ಗಂಡ ಸಂಗು ಕುಣಿ ತೋಡಿಸಲು ಹೋಗಿದ್ದ.

"ಹಳೇ ಕುಬಸಾ ತೊಡಿಸಿ ಹಿಂದ ಪಿನ್ನ ಹಚ್ಚಿದ್ರ ಆತು," ಎಂದಳು ಶಾಂತಾಬಾಯಿ. "ಮ್ಯಾಲ ಸೆರಗ ಹೊಚ್ಚತೀವಿ. ಯಾರ್ ನೋಡ್ತಾರ?"

ಹೊಸ್ತಿಲ ಬಳಿ ಕೂತಿದ್ದ ಸುಗಲಾಬಾಯಿಯ ಗಂಡ ಬಂಡೆಪ್ಪ ತಲೆ ಎತ್ತಲಿಲ್ಲ. "ಅಕಿ ನೋಡ್ತಿದ್ಲು. ಮಂದಿ ಮಣ್ಣಿಗಿ ಹೋದ್ರೂ ಹೆಣದ ಕುಬಸದ ಹೊಲಿಗಿ ನೋಡೇ ಬರಾಕಿ."

"ಖರೆ ಮಾವ," ಎಂದ ಮನ್ಮಥಪ್ಪ. "ನನ್ನಾಕಿ ಹೋದಾಗ ತೋಳಿನ ಹೊಲಿಗಿ ಸೊಟ್ಟ ಅದ ಅಂತ ನನ್ನ ಕಿವ್ಯಾಗ ಹೇಳಿದ್ಲು. ನಾ ಅಳಲೋ ನಗಲೋ." ಅವನು ಮಡಿಲಲ್ಲಿದ್ದ ಬಟ್ಟೆಯನ್ನು ಸವರಿದ. "ಇದ ಒಂದೇ ತುಂಡ ಅದ. ಕೆಟ್ರ ಇನ್ನೊಂದಿಲ್ಲ. ಪ್ಯಾಟ್ಯಾಗಿನ ಟೇಲರಗ ಕೊಡ್ಲೇನು?"

"ನಾನೇ ಕತ್ತರಸ್ತೀನ್ರಿ," ಎಂದಳು ಶೈಲಶ್ರೀ.

ಶಾಂತಾಬಾಯಿ ಅವಳನ್ನು ನೋಡಿದಳು. "ಆನಿ ಕತ್ತರಿಸಿದಂಗ ಅಲ್ಲಲಾ?"

\*

ಎರಡು ವರ್ಷದ ಹಿಂದೆ ಜಹೀರಾಬಾದಿನ ಒಂದು ಮನೆಯವರು, ತೊಟ್ಟಿಲ ಕಾರ್ಯಕ್ಕೆ ಬಂದವರಿಗೆ ಕೊಡಲು ಅರವತ್ತು ಬಟ್ಟೆಯ ಆನೆ ಕೇಳಿದ್ದರು. ಸುಗಲಾಬಾಯಿಯ ಆನೆ ಒಂದು ಅಡಿ ಉದ್ದ. ಅವರಿಗೆ ಬೇಕಾದದ್ದು ಅರ್ಧ ಅಡಿಯದು. ಅತ್ತೆ ಊರಲ್ಲಿಲ್ಲದ ದಿನ ಶೈಲಶ್ರೀ ಆನೆಯ ಅಳತೆಯ ರಟ್ಟಿನ ತುಂಡುಗಳನ್ನು ಝೆರಾಕ್ಸ್ ಅಂಗಡಿಗೆ ಒಯ್ದು, ಸರಿಯಾಗಿ ಅರ್ಧಕ್ಕೆ ಇಳಿಸಿ ತಂದಳು. ಸಂಜೆಯೊಳಗೆ ಅರವತ್ತಕ್ಕೂ ಮಖಮಲ್ಲು ಕತ್ತರಿಸಿ ಜೋಡಿಸಿಟ್ಟಳು. ಅತ್ತೆ ಮೆಚ್ಚುತ್ತಾಳೆ ಅಂದುಕೊಂಡಿದ್ದಳು.

ಸುಗಲಾಬಾಯಿ ಒಂದನ್ನು ಹೊಲಿದು ಒಳಮೈ ಹೊರಗೆ ಮಗುಚಲು ನೋಡಿದಳು. ಮಗುಚಲು ಬಳಸುವ ಛತ್ರಿಯ ಕಡ್ಡಿಯೂ ಸೊಂಡಿಲೊಳಗೆ ಹೋಗಲಿಲ್ಲ. ಒತ್ತಿದರೆ ಹೊಟ್ಟೆಯ ಹೊಲಿಗೆ ಎಳೆ ಬಿಟ್ಟಿತು. ಹೊಲಿಗೆಯ ಹೊರಗೆ ಬಿಡುವ ಅರ್ಧ ಇಂಚಿನ ಅಂಚು ಕಾಲಿಂಚಾಗಿತ್ತು.

"ಆನಿ ಸಣ್ಣದಾದ್ರ ದಾರ ಸಣ್ಣದಾಗ್ತದೇನ ಶೈಲಾ? ಅಂಚ ಸಣ್ಣದಾಗ್ತದೇನು?"

ಬೈದದ್ದು ಅಷ್ಟೇ. ರಟ್ಟಿನ ಸುತ್ತಲಿನ ಅಂಚನ್ನು ಮೊದಲು ಕತ್ತರಿಸಿ ತೆಗೆದಳು. ಉಳಿದ ಆನೆಯನ್ನು ಅರ್ಧಕ್ಕೆ ಇಳಿಸಿ, ಸೊಂಡಿಲನ್ನು ಮಾತ್ರ ಕಡ್ಡಿ ಹೋಗುವಷ್ಟು ಅಗಲ ಉಳಿಸಿ, ಸುತ್ತ ಮತ್ತೆ ಅರ್ಧ ಇಂಚು ಬರೆದಳು.

"ಆನಿಗಿ ಅರ್ಧ ಇಂಚ ಸಾಕು, ಅದಕ್ಕೇನ ಮೈ ಹತ್ತಂಗಿಲ್ಲ," ಎಂದಳು. "ಹೆಣ್ಮಕ್ಕಳ ಕುಬಸಾ ಆದ್ರ ಬಗಲಾಗ ಎರಡ ಇಂಚ ಒಳಗ ಬಿಡಬೇಕು, ನಾಳಿ ದಪ್ಪಾದ್ರ ಬಿಚ್ಚಿ ಸಡ್ಲ ಮಾಡಾಕ."

ಕೆಟ್ಟ ಮಖಮಲ್ಲನ್ನು ಚೂರು ಮಾಡಿ ಹೊಸ ಆನೆಗಳ ಹೊಟ್ಟೆಗೆ ತುಂಬಿದಳು. ಅಂದಿನಿಂದ ಶೈಲಶ್ರೀಗೆ ಹುಕ್ಕು, ಕಾಜಾ, ನೇರ ಹೊಲಿಗೆ ಮಾತ್ರ. ಹಾಸಿಗೆ ಹಿಡಿದ ಮೇಲೂ ಸುಗಲಾಬಾಯಿ ಕತ್ತರಿಯನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದಳು.

\*

ಕತ್ತರಿ ಇನ್ನೂ ಅಲ್ಲೇ ಇತ್ತು. ಶೈಲಶ್ರೀ ತೆಗೆದುಕೊಂಡಳು. ಎಂಟು ತಿಂಗಳಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿರಲಿಲ್ಲ. ಕೈಯಲ್ಲಿ ಕತ್ತರಿ ಭಾರವೆನಿಸಿತು.

ಅತ್ತೆಯ ಹಳೆಯ ಅಳತೆಯ ಕಾಗದವನ್ನು ನೆಲಕ್ಕೆ ಹಾಸಿದಳು. ಚಿಕ್ಕದಾಗಲೆಂದು ಎಲ್ಲ ಕಡೆ ಒಂದೇ ಸಮನಾಗಿ ಮಡಚಿದಳು. ಮಡಚಿ, ಕೈ ತಡೆದಳು. ಆಮೇಲೆ ಎದ್ದು ಹೋಗಿ ಹೆಣದ ಹೆಗಲಿಗೆ ಟೇಪು ಹಿಡಿದಳು. ಹದಿನಾಲ್ಕು. ಮೊದಲಿನಷ್ಟೇ. ಎದೆ ಇಳಿದಿತ್ತು, ಎಲುಬು ಇಳಿದಿರಲಿಲ್ಲ.

ಮಡಿಕೆ ಬಿಚ್ಚಿದಳು. ಹೊಲಿಗೆಯ ಗೆರೆಯನ್ನು ಮೊದಲು ಎಳೆದು, ಎದೆ ಮತ್ತು ಸೊಂಟದಲ್ಲಿ ಅದನ್ನು ಒಳಗೆ ತಂದು, ಹೆಗಲನ್ನು ಹಾಗೇ ಬಿಟ್ಟಳು. ಗೆರೆಯ ಹೊರಗೆ ಅಂಚು ಬರೆದಳು. ಕತ್ತರಿ ಬಟ್ಟೆಗೆ ತಾಗಿದಾಗ ಮನ್ಮಥಪ್ಪ ಬೀದಿಯ ಕಡೆ ಮುಖ ತಿರುಗಿಸಿದ.

ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಕುಪ್ಪಸ ಮುಗಿಯಿತು. ಅಷ್ಟರಲ್ಲಿ ಹೆಂಗಸರು ಮೈ ತೊಳೆದಿದ್ದರು. ಅತ್ತೆಯ ಕೈಗಳು ಸೆಟೆದಿದ್ದವು, ಅದಕ್ಕೇ ಶೈಲಶ್ರೀ ಹುಕ್ಕುಗಳನ್ನು ಬೆನ್ನಿಗೆ ಇಟ್ಟಿದ್ದಳು. ಮುಂದಿನಿಂದ ತೋಳು ತೂರಿಸಿದರು. ಹೆಗಲು ಹೆಗಲಿಗೆ ಕೂತಿತು.

"ಚಲೋ ಕುಂತದಲ್ಲವಾ," ಎನ್ನುತ್ತ ಶಾಂತಾಬಾಯಿ ಬಗಲಲ್ಲಿ ಬೆರಳಾಡಿಸಿ ನಿಂತಳು. "ಇಲ್ಲಿ ಒಳಗ ಇಷ್ಟ ಬಟ್ಟಿ ಯಾಕ ಬಿಟ್ಟಿ?"

ಶೈಲಶ್ರೀ ಬಗ್ಗಿ ನೋಡಿದಳು. ಎರಡೂ ಬಗಲಲ್ಲಿ ಎರಡೆರಡು ಇಂಚು. ಬಿಟ್ಟದ್ದು ಅವಳಿಗೇ ಗೊತ್ತಾಗಿರಲಿಲ್ಲ.

"ಮೈ ಹತ್ತಿದ್ರ ಬಿಚ್ಚಾಕ, ಕಾಕು."

ಹೊರಗೆ ಸಂಗುವಿನ ದನಿ ಕೇಳಿಸಿತು. ಕುಣಿ ಆಗಿದೆ ಎಂದು ಅಪ್ಪನಿಗೆ ಹೇಳುತ್ತಿದ್ದ. ಶೈಲಶ್ರೀ ಆ ಬಟ್ಟೆಯನ್ನು ಒಳಗೆ ಮಡಚಿ, ಉಗುರಿನಿಂದ ಮಡಿಕೆ ತೀಡಿ, ಬೆನ್ನಿನ ಹುಕ್ಕುಗಳನ್ನು ಮೇಲಿನಿಂದ ಒಂದೊಂದಾಗಿ ಹಾಕತೊಡಗಿದಳು.