ಹನ್ನೊಂದು ಅಂದವನು

“ಎಡಕ್ಕ ಹೊರಳಸ್ರಿ! ಎಡಕ್ಕ ಅಂದ್ರ ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕ!”

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಘೋರ್ಪಡಿಯ ಆ ರೈಲ್ವೆ ಕ್ವಾರ್ಟರ್ಸ್ ಕಟ್ಟಿದವನು ಉದ್ದನೆಯ ಮನುಷ್ಯರೂ ಸಾಯುತ್ತಾರೆ ಎಂದು ಯೋಚಿಸಿರಲಿಕ್ಕಿಲ್ಲ. ಒಳಗೆ ಮಲಗಿದ್ದ ದೇವಪುತ್ರ ಬೆಟಗೇರಿ ಆರಡಿಯ ಮೇಲೆ ಎರಡು ಇಂಚು. ತಲೆಯ ಕಡೆ ಹೆಗಲು ಕೊಟ್ಟಿದ್ದ ಚನ್ನವೀರನ ಬೆನ್ನು ಗೋಡೆಗೆ ಒತ್ತಿ ಉಸಿರು ಕಟ್ಟುವಂತಾಗಿತ್ತು.

“ಕಣಿವ್ಯಾಗ ಸಾವಿರ ಮಂದೀನ ಪಾರು ಮಾಡಿದಾಂವ, ತನ್ನ ಮನಿ ಪಾವಟಿಗ್ಯಾಗ ಸಿಕ್ಕೊಂಡಾನ ನೋಡ್ರಿ,” ಎಂದ ಕೆಳಗಿನಿಂದ ಕಾಡಪ್ಪ. ಪಾರ್ಸಲ್ ಆಫೀಸಿನಲ್ಲಿ ದೇವಪುತ್ರನ ಪಕ್ಕದ ಮೇಜಿನವನು. ಒಂದಿಬ್ಬರು ನಕ್ಕರು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

“ಒಬ್ಬಾಂವ ಅಲ್ಲೇ ಉಳದನಲ್ಲೋ ಯಪ್ಪಾ,” ಎಂದಿತು ಮೇಲಿನ ಮೆಟ್ಟಿಲಿನಿಂದ ಒಂದು ಹೆಣ್ಣುದನಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಚನ್ನವೀರನಿಗೆ ಅದಕ್ಕೂ ಎಡೆಯಿರಲಿಲ್ಲ, ಹೆಗಲ ಮೇಲೆ ಪೆಟ್ಟಿಗೆಯೇ ಇತ್ತು.

ಗಾಡಿಯಲ್ಲಿ ದೇವಪುತ್ರನ ಹೆಂಡತಿ ಕರುಣಾಬಾಯಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಅತ್ತು ಅತ್ತು ಅವಳ ದನಿ ಒಡೆದುಹೋಗಿತ್ತು.

“ಚನ್ನವೀರಣ್ಣ, ನೀವು ಅವತ್ತ ಕಣಿವ್ಯಾಗ ಇದ್ದವರು, ಅದಕ್ಕ ನಿಮ್ಮ ಮುಂದ ಹೇಳ್ತೀನಿ. ಏಳು ವರ್ಷ ಇವರು ಚರ್ಚಿನ್ಯಾಗ ಕರ್ತನ ಮೇಜಿನ ರೊಟ್ಟಿ ಮುಟ್ಟಲಿಲ್ರಿ. ರೊಟ್ಟಿ ತಾಟು ಮುಂದ ಬಂದ್ರ ತಲಿ ತಗ್ಗಿಸಿ ಪಕ್ಕದವರಿಗೆ ದಾಟಸ್ತಿದ್ರು. ‘ಕರುಣಾ, ಅವತ್ತ ಹನ್ನೊಂದು ಅಂದಾಂವ ಯಾರು? ಆ ಹುಡುಗ ಅಲ್ಲಿ ಇರಲೇ ಇಲ್ಲ, ಆದ್ರ ನಾ ಕೇಳೀನಿ. ಸೈತಾನನ ದನೀನ ಮನಶ್ಯಾನ ದನಿ ಅಂತ ತಿಳಕೊಂಡ ಕಿವಿ ಇವು. ಇವನ್ನ ಇಟಗೊಂಡು ದೇವರ ದನಿ ಹೆಂಗ ಗುರ್ತಸ್ಲಿ?’ ಅಂತಿದ್ರು. ಮೊನ್ನೆ ಎದಿನೋವು ಬಂದಾಗೂ ಅದನ್ನ ಕೇಳಿದ್ರು.”

“ನೀರು ಕುಡೀರಿ ಅಕ್ಕಾರ,” ಎಂದ ಚನ್ನವೀರ. ಬಾಯಿಗೆ ಬಂದದ್ದನ್ನು ನುಂಗಿ ಬೇರೇನನ್ನೋ ಹೇಳುವುದು ಅವನಿಗೆ ಏಳು ವರ್ಷಗಳ ರೂಢಿ.

ಸ್ಮಶಾನದ ಗೇಟಿನಲ್ಲಿ ಕೋಲೂರಿಕೊಂಡು ಗೌರಾಬಾಯಿ ನಿಂತಿದ್ದಳು. ಕಣಿವೆಯಲ್ಲಿ ಉಳಿದ ಆ ಹುಡುಗ ಬಸವಪ್ರಭುವಿನ ತಾಯಿ. ಚನ್ನವೀರ ಅವಳ ಹತ್ತಿರ ಹೋದ.

“ಕಾಕೂ, ನೀವು ಮಣ್ಣಿಗೆ ಬಂದ್ರಿ?”

“ಮಣ್ಣು ಕೊಡಾಕ ಬಂದಿಲ್ಲಪಾ. ಇಂವನ್ನ ಮಣ್ಣಾಗ ಇಡೂದು ಕಣ್ಣಾರೆ ನೋಡಾಕ ಬಂದೀನಿ. ನನ್ನ ಮಗಗ ಒಂದು ಹಿಡಿ ಮಣ್ಣು ಹಾಕೂ ಪುಣ್ಯಾನೂ ನನಗ ಸಿಗಲಿಲ್ಲ. ಹೆಣಾನ ಸಿಗಲಿಲ್ಲ, ಎಲ್ಲಿ ಹಾಕಲಿ?” ಅವಳು ಚನ್ನವೀರನ ತೋಳು ಹಿಡಿದಳು. “ನೀ ಒಬ್ಬಾಂವ ಅದೀಯಲ್ಲ. ನಿನ್ನ ಮಾರಿ ನೋಡಿದ್ರ ಬಸೂನ್ನ ನೋಡಿದಂಗ ಆಗತದ.”

ಬಸು ಮತ್ತು ಚನ್ನವೀರ ಒಂದೇ ಆಫೀಸಿನ ಗುಮಾಸ್ತರು. ಬಸು ಹೋದಮೇಲೆ ಅವಳ ಗುಳಿಗೆ ತಂದುಕೊಡುವವನು ಚನ್ನವೀರ, ಅವಳ ಹಬ್ಬದ ಹೋಳಿಗೆ ತಿನ್ನುವವನೂ ಅವನೇ. ಸತ್ಯ ಹೇಳಿದರೆ ತೋಳು ಹಿಡಿದ ಈ ಕೈ ಬಿಟ್ಟುಹೋಗುತ್ತದೆ. ಹೇಳದಿದ್ದರೆ ಪೆಟ್ಟಿಗೆಯೊಳಗಿನವನು ಸುಳ್ಳುಗಾರನಾಗಿಯೇ ಮಣ್ಣು ಸೇರುತ್ತಾನೆ. ಅದಕ್ಕೆ ಇನ್ನು ಅರ್ಧ ಗಂಟೆಯೂ ಉಳಿದಿರಲಿಲ್ಲ.

*

ತೊಂಬತ್ತೇಳರ ಜೂನ್. ಎರಡನೆಯ ಶನಿವಾರದ ರಜೆ ಬಂತೆಂದರೆ ದೇವಪುತ್ರ ಗುಂಪು ಕಟ್ಟಿಕೊಂಡು ಸಹ್ಯಾದ್ರಿಯ ಕಾಳಿಘಳಕ್ಕೆ ಹೊರಡುತ್ತಿದ್ದ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟಿನ ಕಣಿವೆ ಅದು. ನಡುವೆ ಬಂಡೆಗಳು ಕವಿದಲ್ಲಿ ಹಟ್ಟಹಗಲೇ ಎದುರಿನವನ ಮುಖ ಕಾಣದು. ಆ ಕತ್ತಲು ಶುರುವಾಗುವ ಮುನ್ನ ಎಂದಿನಂತೆ ಅಂದೂ ಅವನು ನಿಂತು ಮೇಲೆ ಕೈ ತೋರಿಸಿದ.

“ಆಕಾಶ ಎಷ್ಟ ಕಾಣಸ್ತದ ನೋಡ್ರಿ. ಲಾಡಿಯಷ್ಟು ಅಗಲ. ದೇವರು ಅಷ್ಟ ತೋರಸ್ತಾನ. ಪೂರಾ ತೋರಸಿದ್ರ ನಾವು ಅವನ್ನ ಕೇಳೂದ ಬಿಡ್ತೀವಿ.”

“ನಮ್ಮ ದೇವರೂ ಅಷ್ಟ ತೋರಸ್ತಾನೇನ್ರಿ ಅಣ್ಣಾರ?” ಎಂದು ಬಸು ಕೊರಳಿನ ಲಿಂಗ ಮುಟ್ಟಿ ಕೆಣಕಿದ.

“ಕಣಿವಿ ಒಂದ ಅಲ್ಲೇನೋ ತಮ್ಮಾ? ನಿನಗ ಬ್ಯಾರೆ ಆಕಾಶ ಎಲ್ಲಿಂದ ತರಲಿ?” ದೇವಪುತ್ರ ನಕ್ಕ. ಆಮೇಲೆ ಗಂಭೀರನಾದ. “ಕತ್ತಲ್ಯಾಗ ನಿಂತು ಕೂಗ್ತೀನಿ. ಒಬ್ಬೊಬ್ಬರ ನಿಮ್ಮ ನಿಮ್ಮ ನಂಬರ ಹೇಳ್ರಿ. ಒಂದು ಕಡಿಮಿ ಬಂದ್ರ ನಾ ತಿರುಗಿ ಹೋಗಾಂವ. ತಪ್ಪಿದ ಒಂದು ಕುರಿ ಹಿಂದ ಹೋದ ಒಡೆಯನ ಆಳು ನಾನು.”

ಬಸು ಹನ್ನೊಂದು. ಸಾಲಿನ ಕೊನೆಯ ಚನ್ನವೀರ ಹನ್ನೆರಡು. ಬಸುವಿನ ಕೊರಳಲ್ಲಿ ಹೊಸ ಕ್ಯಾಮೆರಾ ಇತ್ತು. ಬೆಳಕು ಚೆನ್ನಾಗಿದ್ದ ಕಡೆ ಅವನು ಹಿಂದೆ ನಿಂತ.

“ಒಂದೆರಡು ಫೋಟೋ ಹೊಡಕೊಂಡು ಬರ್ತೀನಿ. ನಂದೂ ನೀನ ಒದರು.”

ಆಫೀಸಿನ ಹಾಜರಿ ಮಸ್ಟರಿನಲ್ಲಿ ಒಬ್ಬರ ಸಹಿ ಇನ್ನೊಬ್ಬರು ಹಾಕಿ ಪಳಗಿದ ಕೈಗಳು ಅವು. ಬಾಯಿಗೆ ಅದೇನು ಕಷ್ಟ? ಕತ್ತಲಲ್ಲಿ ಸರದಿ ಬಂದಾಗ ಚನ್ನವೀರ ದನಿ ದಪ್ಪ ಮಾಡಿ “ಹನ್ನೊಂದು” ಎಂದ. ಒಂದು ಉಸಿರು ಬಿಟ್ಟು ತನ್ನ ದನಿಯಲ್ಲೇ “ಹನ್ನೆರಡು” ಎಂದ. ಬಂದ ನಗುವನ್ನು ತಡೆದುಕೊಂಡ.

“ಸ್ತೋತ್ರ ಕರ್ತನೇ,” ಎಂದ ದೇವಪುತ್ರ ಮುಂದಿನಿಂದ. “ಎಲ್ಲಾರೂ ಬಂದ್ರು. ನಡೀರಿ.”

ಮೇಲೆ ಬೆಟ್ಟದಲ್ಲಿ ಬಿದ್ದ ಮಳೆ ಕೆಳಗಿನವರಿಗೆ ಕಾಣಲಿಲ್ಲ. ಕಾಲು ಗಂಟೆ ನಡೆದು ಎತ್ತರದ ಬಂಡೆ ಏರಿ ಕುಳಿತ ಮೇಲೆ ನೀರು ಬಂತು. ಕೆಂಪು ನೀರು, ಮರದ ಬೊಡ್ಡೆಗಳನ್ನು ಹೊತ್ತು ತಂದಿತು. “ಹನ್ನೊಂದು! ಹನ್ನೊಂದು ಎಲ್ಲಿ?” ಎಂದು ಒದರುತ್ತ ಇಳಿಯಲು ಹೋದ ದೇವಪುತ್ರನನ್ನು ಐದು ಜನ ಹಿಡಿದು ಕೂಡಿಸಿದರು. ಹಿಡಿದವರಲ್ಲಿ ಚನ್ನವೀರನೂ ಇದ್ದ. ತಿರುಗಿ ಹೋಗಿ ಒಬ್ಬನನ್ನು ಕರೆತರಲು ಆ ಕಾಲು ಗಂಟೆ ಧಾರಾಳವಾಗಿ ಸಾಕಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. “ಹನ್ನೊಂದು ಅಂದದ್ದು ಕಿವಿಯಾರೆ ಕೇಳೀನ್ರಿ,” ಎಂದು ದೇವಪುತ್ರ ಪೊಲೀಸರ ಮುಂದೆ ಹೇಳಿದ. ತಮ್ಮ ತಮ್ಮ ನಂಬರು ಹೇಳಿ ಮುಗಿಸಿದ್ದ ಉಳಿದವರು ಹಿಂದಿನದನ್ನು ಕಿವಿಗೊಟ್ಟು ಕೇಳಿರಲಿಲ್ಲ; ಯಾರೂ ಅವನನ್ನು ನಂಬಲಿಲ್ಲ. ಚನ್ನವೀರನನ್ನು ಕೇಳಿದಾಗ “ನಾ ನನ್ನ ನಂಬರ ಹೇಳಿದ್ನಿರಿ” ಎಂದ. ಅದು ಸುಳ್ಳಲ್ಲ ನೋಡಿ, ಅದರ ವಿಷವೇ ಅದು.

ಅಂದಿನಿಂದ ದೇವಪುತ್ರ ದನಿಗಳನ್ನು ಎಣಿಸುವುದು ಬಿಟ್ಟ. ಕತ್ತಲಲ್ಲಿ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದನಂತೆ. ಚನ್ನವೀರ ಮತ್ತೆಂದೂ ಆ ಕಣಿವೆಗೆ ಹೋಗಲಿಲ್ಲ. ಆದರೆ ಆಫೀಸು ಖರಾಡಿಯ ಹೊಸ ಕಟ್ಟಡಕ್ಕೆ ಹೋದಮೇಲೆ, ಅಲ್ಲಿ ಲಿಫ್ಟಿನವನು ಮರಾಠಿಯಲ್ಲಿ “ಅಕರಾ” ಎಂದು ಹನ್ನೊಂದನೆಯ ಮಹಡಿ ಕೂಗಿದಾಗಲೆಲ್ಲ ಅವನಿಗೆ, ಬಾಗಿಲು ತೆರೆದರೆ ಬಸು ಒದ್ದೆ ಬಟ್ಟೆಯಲ್ಲಿ ನಿಂತಿರುತ್ತಾನೆ ಎನಿಸುತ್ತಿತ್ತು.

*

ಸಭಾಪಾಲಕರ ಪ್ರಾರ್ಥನೆ ಮುಗಿದು ಪೆಟ್ಟಿಗೆ ಕುಣಿಗೆ ಇಳಿಯಿತು. ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ಚನ್ನವೀರನ ಸರದಿ ಬಂತು. ಬಗ್ಗಿದವನ ಬೆನ್ನ ಹಿಂದೆ ಗೌರಾಬಾಯಿ ಮೆಲ್ಲಗೆ, ತನಗೇ ಎಂಬಂತೆ ಅಂದಳು: “ಸುಳ್ಳ ಹೇಳಿದ ಬಾಯಾಗ ಮಣ್ಣ ಬಿತ್ತು.”

ಚನ್ನವೀರ ಬರಿಗೈಯಲ್ಲಿ ಎದ್ದು ನಿಂತ.

“ಕಾಕೂ, ಅಂವಾ ಸುಳ್ಳ ಹೇಳಿಲ್ಲ.”

“ಏನಂದಿ?”

“ಹನ್ನೊಂದು ಅಂದಾಂವ ನಾನು.” ಅವನು ಕುಣಿಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದ. “ಬಸು ಫೋಟೋ ತಗೀತ ಹಿಂದ ನಿಂತಿದ್ದ. ನಂದೂ ಒದರು ಅಂದ. ಒದರಿದೆ, ಮಸ್ಟರ್ ಸಹಿ ಹಾಕಿದಂಗ. ನಾ ಸುಮ್ಮನಿದ್ದಿದ್ರ ಇವರು ತಿರುಗಿ ಹೋಗ್ತಿದ್ರು. ಬಸು ಬದುಕತಿದ್ದ, ಕಾಕೂ.”

ಕರುಣಾಬಾಯಿ ಕುಣಿಯ ಅಂಚಿನಲ್ಲಿ ಮೊಣಕಾಲೂರಿ, ಒಳಗೆ ಬಗ್ಗಿ, ಕಿವಿ ಮಂದವಾದವರಿಗೆ ಹೇಳುವಂತೆ ದೊಡ್ಡ ದನಿಯಲ್ಲಿ ಕೂಗಿದಳು.

“ಕೇಳಿದ್ರೇನ್ರಿ? ಸೈತಾನ ಅಲ್ರಿ! ಮನಶ್ಯಾನ ದನೀನ ಅದು! ನಮ್ಮ ಚನ್ನವೀರಣ್ಣನ ದನಿ! ನಿಮ್ಮ ಕಿವಿ ನೆಟ್ಟಗ ಇದ್ವು!”

ಗೌರಾಬಾಯಿಯ ಕೋಲು ಕೆಳಗೆ ಬಿತ್ತು. ಅವಳು ಬಗ್ಗಿ ಎರಡೂ ಕೈಯಲ್ಲಿ ಮಣ್ಣು ತೆಗೆದುಕೊಂಡಳು. ಒಂದು ಹಿಡಿಯನ್ನು ಕುಣಿಯೊಳಗೆ ಬಿಟ್ಟಳು. “ತಪ್ಪಾತಪಾ ದೇವಪುತ್ರ,” ಎಂದಳು. ಇನ್ನೊಂದು ಹಿಡಿಯೊಂದಿಗೆ ಚನ್ನವೀರನ ಎದುರು ಬಂದು ನಿಂತಳು. ಮುಖದ ಮೇಲೆ ಎರಚುತ್ತಾಳೆಂದು ಅವನು ಕಣ್ಣು ಮುಚ್ಚಿದ, ಎರಚಲಿ ಎಂದೇ ಬೇಡಿಕೊಂಡ. ಅವಳು ಅವನ ಬಲಗೈ ಬಿಡಿಸಿ, ಮಣ್ಣು ಸುರಿದು, ಒಂದೊಂದೇ ಬೆರಳು ಮಡಚಿದಳು.

“ಇದು ಬಸೂಗ. ಎಲ್ಲಿ ಹಾಕ್ತಿ ಹಾಕು.”

ಕೋಲನ್ನೂ ಎತ್ತಿಕೊಳ್ಳದೆ ಗೇಟಿನ ಕಡೆ ನಡೆದುಬಿಟ್ಟಳು.

ಮಂದಿ ನಲ್ಲಿಯ ಹತ್ತಿರ ಸಾಲು ನಿಂತು ಕೈ ತೊಳೆದುಕೊಳ್ಳುತ್ತಿದ್ದರು. ಚನ್ನವೀರನ ಸರದಿ ಬಂದಾಗ ಕಾಡಪ್ಪ ಅವನಿಗಾಗಿ ನಲ್ಲಿ ತಿರುವಿ ಹಿಡಿದ.

“ತೊಳಕೊಳ್ರಿ, ನೀರು ನಿಂತ ಹೋಗತದ.”

ಚನ್ನವೀರ ಎಡಗೈಯೊಂದನ್ನೇ ಮುಂದೆ ಒಡ್ಡಿದ. ಬಲಗೈಯ ಮುಷ್ಟಿಯನ್ನು ಎದೆಗೆ ಒತ್ತಿ, ಒಂದು ಹರಳೂ ಉದುರದಂತೆ ಬಿಗಿಯಾಗಿ ಹಿಡಿದುಕೊಂಡೇ ಇದ್ದ.