ಹದಿನಾಲ್ಕನೇ ಹಾಸಿಗೆ

"ಮಾವ, ಹದಿನಾಲ್ಕನೇ ಹಾಸಿಗೇಲಿ ಯಾರಿದ್ದಾರೆ?" ತಂಗಿಯ ಮಗಳು ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

ಮಾವನ ಕೈಲಿದ್ದ ಕೇಬಲ್ ಅಲ್ಲೇ ನಿಂತಿತು. ಆ ವಾರ್ಡಿನಲ್ಲಿರುವುದು ಹದಿಮೂರೇ ಹಾಸಿಗೆ. ಆರು ವರ್ಷದ ಹಿಂದೆ ಅವರ ಹೆಂಡತಿ ಹದಿನಾಲ್ಕನೆಯದರಲ್ಲಿ ತೀರಿಕೊಂಡ ಮೇಲೆ ಆ ಹಾಸಿಗೆಯನ್ನೇ ತೆಗೆದು, ಅಲ್ಲಿ ಔಷಧಿ ಬೀರು ಇಟ್ಟಿದ್ದರು.

ಆಸ್ಪತ್ರೆಯ ಈ ನೆಟ್‌ವರ್ಕ್ ಕೋಣೆಯಲ್ಲಿ ತಿಂಗಳಿಂದ ಇಬ್ಬರಿಗೂ ಜಟಾಪಟಿ. ರೋಗಿಗಳ ಎದೆಬಡಿತವನ್ನು ನರ್ಸುಗಳ ಮೇಜಿಗೆ ಮುಟ್ಟಿಸಲೆಂದೇ ಮಾಡಿದ ಹಳೇ ಪೆಟ್ಟಿಗೆಯೆಂದರೆ ಮಾವನಿಗೆ ಪ್ರಾಣ. "ಅದರ ಕೆಲಸ ಚಿಪ್‌ನಲ್ಲೇ ಕೊರೆದಿದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ!" ಅವಳೋ ಮಾಮೂಲಿ ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರಿನ ಕಡೆಯವಳು. "ನಂದು ಆಡು ಮುಟ್ಟದ ಸೊಪ್ಪಿಲ್ಲ ಅನ್ನೋ ಥರ, ಮಾವ. ಏನೇ ಬರಲಿ, ಎರಡು ಸಾಲು ಬರೆದ್ರೆ ಆಯ್ತು." ಇವತ್ತು ಬೆಳಿಗ್ಗೆ ಅವಳೇ ಗೆದ್ದು, ಪೆಟ್ಟಿಗೆ ಆಫ್ ಮಾಡಿ ತನ್ನ ಸಾಫ್ಟ್‌ವೇರ್ ಓಡಿಸಿದ್ದಳು.

ಪರದೆಯ ಮೇಲೆ ಹದಿನಾಲ್ಕರ ಎದೆಬಡಿತ ೭೨, ೭೧, ೭೨ ಎಂದು ಬರುತ್ತಲೇ ಇತ್ತು.

"ಹಳೇದ್ರಲ್ಲಿ ಇದು ಕಾಣ್ತಾ ಇರ್ಲಿಲ್ವಲ್ಲ?"

"ಗುರುತಿಲ್ಲದ್ದನ್ನ ಅದು ಯಾರನ್ನೂ ಕೇಳದೆ ಬಿಸಾಕ್ತಿತ್ತು."

"ಹಾಗಾದ್ರೆ ಆರು ವರ್ಷದಿಂದ..." ಅವಳು ಮಾವನತ್ತ ತಿರುಗಿದಳು.

ಮಾವ ಒಂದೇ ಉಸಿರಿಗೆ ವಾರ್ಡಿಗೆ ಹೋಗಿ ಬೀರುವಿನ ಹಿಂದೆ ಇಣುಕಿದರು. ಗೋಡೆಯ ತೂತಿನಲ್ಲಿ ತಂತಿಯೇ ಇರಲಿಲ್ಲ, ಬರೀ ಧೂಳು. "ಏನಣ್ಣ, ಏನ್ ಕಳ್ಕೊಂಡ್ರಿ?" ಎಂದಳು ನರ್ಸು.

ವಾಪಸು ಬಂದು ಕುರ್ಚಿ ಎಳೆದು ಕೂತರು. ಅಂಕಿ ೯೦ಕ್ಕೆ ಏರಿತು. ಅವರು ಪಕ್ಕ ಕೂತಾಗಲೆಲ್ಲ ಹೆಂಡತಿಯ ಎದೆ ಹೀಗೇ ಓಡುತ್ತಿತ್ತು, ನರ್ಸುಗಳು ಚುಡಾಯಿಸುತ್ತಿದ್ದರು.

ಫೋನು ಬಡಿದುಕೊಂಡಿತು, ವಾರ್ಡಿನಿಂದ. ಮೂರನೇ ಹಾಸಿಗೆಯ ಅಪಾಯದ ಗಂಟೆ ಹತ್ತು ಸೆಕೆಂಡು ತಡವಾಗಿ ಹೊಡೆದಿತ್ತಂತೆ. ರೋಗಿ ಹೇಗೋ ಉಳಿದುಕೊಂಡಿದ್ದ.

"ಮಾವ, ಹದಿನಾಲ್ಕರಿಂದ ಸಿಗ್ನಲ್ಲು ಒಂದಕ್ಕೆ ನೂರಾಗಿ ಬರ್ತಿದೆ. ಮಿಕ್ಕವರದ್ದಕ್ಕೆ ದಾರಿನೇ ಇಲ್ಲ. ಇದನ್ನ ಬಿಸಾಕು ಅಂತ ಬರೀಲೇಬೇಕು." ಅವಳ ದನಿ ಇಳಿಯಿತು. "ಅತ್ತೆ ಹಾಸಿಗೆ ಅಲ್ವಾ? ನಾನೇ ಬರೀತೀನಿ ಬಿಡಿ."

"ಬೇಡ ಪುಟ್ಟಿ. ಇಷ್ಟು ವರ್ಷ ಆ ಪೆಟ್ಟಿಗೆ ಮಾಡ್ತು. ಈಗ ನಾನೇ ಮಾಡ್ಬೇಕು."

ಅವರು ಒಂದೊಂದೇ ಅಕ್ಷರ ಒತ್ತಿದರು. 'ಖಚಿತವೇ?' ಎಂದು ಕೇಳಿತು ಪರದೆ. ಅಂಕಿ ೧೦೪ ಆಗಿತ್ತು. ಹದಿಮೂರು ಜನ ಮೇಲಿನ ವಾರ್ಡಿನಲ್ಲಿ ಮಲಗಿದ್ದಾರೆ ಎಂದುಕೊಂಡು ಮಾವ ಕಣ್ಣು ಮುಚ್ಚಿ 'ಹೌದು' ಒತ್ತಿಬಿಟ್ಟರು.

ಸಾಲು ಅಳಿಸಿಹೋಯಿತು. ಕೆಳಗೆ, ಮೂಲೆಯಲ್ಲಿ, ಅದೇ ಎದೆಬಡಿತದ ಲಯದಲ್ಲಿ ಬೇರೊಂದು ಲೆಕ್ಕ ಶುರುವಾಯಿತು. ಬಿಸಾಕಿದ್ದು: ೧. ಬಿಸಾಕಿದ್ದು: ೨. ಬಿಸಾಕಿದ್ದು: ೩.

ಅವಳು ಅದನ್ನು ಮುಚ್ಚಲು ಕೈ ಚಾಚಿದಳು. ಮಾವ ಆ ಕೈಯನ್ನು ಮೆಲ್ಲನೆ ಹಿಡಿದುಕೊಂಡರು.